ರೂಮಿಗೆ ಬಂದ ನಾಲ್ಕನೆಯವ

ಎಡಿಷನ್ ಮುಗಿಸಿ ರೂಮಿಗೆ ಬರುವಾಗ ರಾತ್ರಿ ಒಂದೂವರೆ. ಜನವರಿ ಚಳಿ. ಗೇಟು ತೆಗೆದು ಮೆಟ್ಟಿಲ ಹತ್ತಿರ ಬಂದರೆ, ಓನರ್ ಆಂಟಿಯ ಯುಪಿಎಸ್ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಏನೋ ಸುರುಳಿ. ಹಳೇ ಬೆಲ್ಟ್ ಇರಬೇಕು ಅಂದುಕೊಂಡೆವು. ಬೆಲ್ಟು ಉಸಿರಾಡಿತು.

ನಾವು ಮೂವರು. ಒಬ್ಬ ಹಾವೇರಿ ಕಡೆಯವ, ಒಬ್ಬ ಸಿರಸಿಯವ, ಇನ್ನೊಬ್ಬ ಕುಂದಾಪುರದವ. ಒಂದೇ ಬ್ಯಾಚಿನಲ್ಲಿ ಪತ್ರಿಕೋದ್ಯಮ ಓದಿ, ಬೆಂಗಳೂರಿಗೆ ಬಂದು, ಒಂದೇ ರೂಮಿನಲ್ಲಿ ಬಾಡಿಗೆ ಹಂಚಿಕೊಂಡವರು. ಮೂವರೂ ಹಾವು ನೋಡಿಯೇ ಬೆಳೆದವರು. ಹಾವೇರಿಯವನ ಮನೆಯಲ್ಲಿ ಬಣವೆಯಿಂದ ಹಾವು ಹೊರಬಿದ್ದರೆ ಬಡಿಗೆ. ಕುಂದಾಪುರದವನ ಮನೆಯ ಹಿಂದೆ ನಾಗಬನ, ಅಲ್ಲಿ ವರ್ಷವರ್ಷವೂ ತನು ಎರೆಯುತ್ತಾರೆ. ಸಿರಸಿಯವನ ಅಡಿಕೆ ತೋಟದಲ್ಲಿ ಅದರ ದಾರಿ ಅದಕ್ಕೆ, ನಮ್ಮ ದಾರಿ ನಮಗೆ. ಹೊಡೆಯುವುದು, ಕೈಮುಗಿಯುವುದು, ದಾರಿ ಬಿಡುವುದು. ಇಷ್ಟರಾಚೆಗೆ ಹಾವಿನ ಜೊತೆ ನಮಗೆ ಬೇರೆ ವ್ಯವಹಾರ ಗೊತ್ತಿರಲಿಲ್ಲ.

"ಲೇ, ಹೆಬ್ಬಾವಿನ ಮರಿ ಅಲ್ಲೇನಲೇ ಅದು?" ಅಂದ ಹಾವೇರಿಯವ. ಕೈ ಆಗಲೇ ಕಸಬರಿಗೆ ಹುಡುಕುತ್ತಿತ್ತು.

"ಕೊಳಕುಮಂಡಲ ಆಗಿದ್ರೆ?" ಅಂದ ಸಿರಸಿಯವ. ಮೂರು ಹೆಜ್ಜೆ ಹಿಂದೆ ಹೋದೆವು.

ಈ ಹೆದರಿಕೆ ಸರಿಯಾದದ್ದೇ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದುಕೊಂಡು ಕೈ ಹಾಕಿ ಪ್ರಾಣ ಕಳೆದುಕೊಂಡವರಿದ್ದಾರೆ. ದೂರದಿಂದಲೇ ಜೂಮ್ ಮಾಡಿ ಫೋಟೋ ತೆಗೆದು, ಹಿಂದಿನ ಮಳೆಗಾಲದಲ್ಲಿ ಒಂದು ನುಡಿಚಿತ್ರಕ್ಕೆ ಮಾತಾಡಿಸಿದ್ದ ಹಾವು ಹಿಡಿಯುವ ಅಣ್ಣನಿಗೆ ಕಳಿಸಿದೆವು. ಆ ಹೊತ್ತಿನಲ್ಲೂ ಎರಡೇ ನಿಮಿಷಕ್ಕೆ ಫೋನ್ ಬಂತು.

"ಇದು ನಮ್ಮ ದೇಶದ್ದಲ್ಲ ಕಣ್ರೋ. ಬಾಲ್ ಪೈಥಾನ್. ಯಾರೋ ಸಾಕಿದ್ದು, ತಪ್ಪಿಸ್ಕೊಂಡಿದೆ. ವಿಷ ಇಲ್ಲ. ಹೆದರಿದ್ರೆ ಹಿಂಗೇ ಚೆಂಡಿನ ತರ ಸುತ್ಕೊಂಡು ತಲೆ ಒಳಗೆ ಬಚ್ಚಿಡತ್ತೆ. ಚಳಿಗೆ ಯುಪಿಎಸ್ ಬಿಸಿ ಹುಡ್ಕೊಂಡು ಬಂದಿದೆ ಪಾಪ."

ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ನಮ್ಮ ಮೆಟ್ಟಿಲ ಕೆಳಗೆ! ಅಣ್ಣ ಊರಲ್ಲಿರಲಿಲ್ಲ, ಬರುವುದು ಮರುದಿನ ಸಂಜೆಗೇ. ವಾಚ್‌ಮನ್‌ಗೆ ಹೇಳಿದರೆ ಬೆಳಗಾಗುವುದರೊಳಗೆ ಹಾವು ಹೆಣವಾಗುತ್ತಿತ್ತು. ಕೆರೆ ಏರಿ ಮೇಲೆ ಬಿಟ್ಟುಬಿಡೋಣ ಅಂದರೆ ಅಣ್ಣ ಗದರಿದ. ಚಳಿಗೆ ಸತ್ತರೂ ಸತ್ತೀತು. ಬದುಕಿದರೆ ಹೊರದೇಶದ ರೋಗವನ್ನೋ ಉಣ್ಣೆಯನ್ನೋ ಇಲ್ಲಿನ ಹಾವುಗಳಿಗೆ ಅಂಟಿಸೀತು. ಹಾಗಾಗಿ ಒಂದು ರಾತ್ರಿ, ಒಂದು ಹಗಲು ಅದು ನಮ್ಮ ರೂಮಿನ ನಾಲ್ಕನೆಯವ.

ಬೆಡ್‌ಶೀಟ್ ತುಂಬಿಡುತ್ತಿದ್ದ ಕ್ಲಿಪ್ ಮುಚ್ಚಳದ ಪ್ಲಾಸ್ಟಿಕ್ ಬಾಕ್ಸ್ ಖಾಲಿ ಮಾಡಿದೆವು. ಸ್ಕ್ರೂಡ್ರೈವರನ್ನು ಗ್ಯಾಸ್ ಮೇಲೆ ಕಾಯಿಸಿ ಎರಡೂ ಪಕ್ಕಕ್ಕೆ ತೂತು. ಒಳಗಿಂದ ಹೊರಕ್ಕೆ ಚುಚ್ಚಬೇಕಂತೆ, ಚೂಪು ಅಂಚು ಹೊರಗೆ ಉಳಿಯುವ ಹಾಗೆ. ತೂತಿನಲ್ಲಿ ತಲೆ ತೂರಬಾರದು, ಯಾಕೆಂದರೆ ಹಾವಿನ ತಲೆ ಹೋದಲ್ಲಿ ಮೈಯೂ ಹೋಗುತ್ತದೆ. ಹಾವೇರಿಯವ ಹುರುಪಿನಲ್ಲಿ ಮುಚ್ಚಳದ ಒಳಗಡೆ ಸುತ್ತ ಟೇಪ್ ಅಂಟಿಸಿಬಿಟ್ಟಿದ್ದ. ವಿಡಿಯೋ ಕಾಲ್‌ನಲ್ಲಿ ನೋಡಿದ ಅಣ್ಣ, "ಅಯ್ಯೋ, ಕೀಳು ಮೊದ್ಲು! ಹುರುಪೆ ಅಂಟ್ಕೊಂಡ್ರೆ ಚರ್ಮಾನೇ ಕಿತ್ತು ಬರತ್ತೆ" ಅಂದ. ಕಿತ್ತೆವು. ಅಂಟು ಹೋಗಲು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತೊಳೆದೆವು. ಅದಕ್ಕೇ ಅರ್ಧ ಗಂಟೆ ಹೋಯಿತು.

ತಳಕ್ಕೆ ಪೇಪರ್. ನಮ್ಮ ರೂಮಿನಲ್ಲಿ ಅದಕ್ಕೇನು ಬರ. ನಾವೇ ಹೆಡ್ಡಿಂಗ್‌ಗೆ ಒದ್ದಾಡಿದ ಪುಟವೊಂದು ಮೇಲೆ ಬಂತು. ಓದುಗ ಸಿಕ್ಕಿದ ಅಂತ ನಕ್ಕೆವು. ಶೂ ಡಬ್ಬಕ್ಕೆ ಒಂದು ಬಾಗಿಲು ಕತ್ತರಿಸಿ ಬೋರಲಾಗಿಟ್ಟರೆ ಅದು ಅಡಗುವ ಮನೆ. ಇದು ಬೇಕೇ ಬೇಕು ಅಂದ ಅಣ್ಣ. ಮೈಗೆ ತಾಗುವಷ್ಟು ಇಕ್ಕಟ್ಟಾದ, ಕತ್ತಲಾದ ಜಾಗ ಸಿಗದಿದ್ದರೆ ಅದರ ಹೆದರಿಕೆ ಇಳಿಯುವುದಿಲ್ಲವಂತೆ. ನೀರಿಗೆ ಮೊಸರಿನ ಮಣ್ಣಿನ ಕುಡಿಕೆ, ಸ್ಟೀಲ್ ಬಟ್ಟಲಾದರೆ ಮಗುಚುತ್ತದೆ ಅಂತ.

ಕಷ್ಟವಾದದ್ದು ಬಿಸಿ. ಬಾಕ್ಸಿನ ಒಂದು ತುದಿ 31-32 ಡಿಗ್ರಿ, ಇನ್ನೊಂದು ತುದಿ 26ರ ಆಸುಪಾಸು ಇರಬೇಕು, ಬೇಕಾದ ಕಡೆಗೆ ಅದೇ ಸರಿದುಕೊಳ್ಳುತ್ತದೆ. ನಮ್ಮಲ್ಲಿದ್ದದ್ದು ಜ್ವರದ ಥರ್ಮಾಮೀಟರ್, ಅದು 'ಲೋ' ಅಂತ ತೋರಿಸಿ ಸುಮ್ಮನಾಯಿತು. ಕೊನೆಗೆ ಎರಡು ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಬಾಕ್ಸಿನ ಹೊರಗಿನಿಂದ ಒಂದೇ ತುದಿಗೆ ಒತ್ತಿಟ್ಟೆವು. ಒಳಗೆ ಕೈಯ ಹಿಂಭಾಗ ಇಟ್ಟರೆ ಹಿತವಾಗಿ ಬೆಚ್ಚಗಿರಬೇಕು, ಚುರ್ ಅನ್ನಬಾರದು. ಎರಡು ಗಂಟೆಗೊಮ್ಮೆ ನೀರು ಬದಲಿಸಲು ಮೂವರೂ ಪಾಳಿ ಹಾಕಿಕೊಂಡೆವು. ಸೊಳ್ಳೆ ಮೆಷಿನ್ ಆರಿಸಲು ಹೇಳಿದ. ಆ ರಾತ್ರಿ ಸೊಳ್ಳೆಗಳಿಗೆ ಹಬ್ಬ.

ಎಲ್ಲ ಸಿದ್ಧವಾದ ಮೇಲೆ ಬಾಕ್ಸನ್ನು ಅಡ್ಡ ಮಲಗಿಸಿ, ದಪ್ಪ ಟವೆಲ್ ಸುತ್ತಿದ ಕಸಬರಿಗೆಯಿಂದ ಮೆಲ್ಲಗೆ ತಳ್ಳಿದೆವು. ಚೆಂಡು ಉರುಳಿ ಒಳಗೆ ಹೋಯಿತು. ಕಚ್ಚಲಿಲ್ಲ, ಬುಸುಗುಡಲಿಲ್ಲ. ಹೊಡೆಯಲೆಂದು ಹುಡುಕಿದ್ದ ಕಸಬರಿಗೆಯೇ ಅದು. ಹಾವೇರಿಯವ ಬಹಳ ಹೊತ್ತು ಮಾತಾಡಲಿಲ್ಲ.

ನಿದ್ದೆ ಬರಲಿಲ್ಲ. ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ ಶೀತ ಹಿಡಿದಿದೆ ಅಂತ ಅರ್ಥ, ನೋಡ್ತಿರಿ ಅಂದಿದ್ದ ಅಣ್ಣ. ಆದರೆ ಪದೇಪದೇ ಮುಚ್ಚಳ ತೆಗೆದು ಇಣುಕಲೂಬಾರದು. ಒಟ್ಟಿನಲ್ಲಿ ನೋಡದೆ ನೋಡಿಕೊಳ್ಳಬೇಕು. ನಾಲ್ಕು ಗಂಟೆಯ ಪಾಳಿಯಲ್ಲಿ ಟಾರ್ಚ್ ಬೆಳಕನ್ನು ಗೋಡೆಗೆ ಬಿಟ್ಟು ನೋಡಿದರೆ, ಶೂ ಡಬ್ಬದ ಬಾಗಿಲಲ್ಲಿ ಒಂದು ಮೂತಿ. ನಾಲಿಗೆ ಆಚೆ ಬಂತು, ಒಳಗೆ ಹೋಯಿತು.

ಬೆಳಿಗ್ಗೆ ಆಂಟಿಗೆ ಹೇಳಲೇಬೇಕಾಯಿತು. ಕಿರುಚುತ್ತಾರೆ ಅಂತ ತಯಾರಾಗಿದ್ದೆವು. ಅವರು ಒಂದು ಲೋಟ ಹಾಲು ತಂದರು. ಹಾವಿಗೆ ಹಾಲು ಆಹಾರವಲ್ಲ, ಇದು ತಿನ್ನುವುದು ಇಲಿ, ಹೊಸ ಜಾಗದಲ್ಲಿ ಸದ್ಯಕ್ಕೆ ಅದನ್ನೂ ಕೊಡಬಾರದು ಎಂದು ವಿವರಿಸಿದೆವು. "ಏನೋಪ್ಪಾ, ಬರಿಗೈಯಲ್ಲಿ ಹೆಂಗೆ ಬರೋದು" ಅಂದರು. ಹಾಲು ನಮ್ಮ ಕಾಫಿಗೆ ಹೋಯಿತು.

ಫೋಟೋ ಆಫೀಸಿಗೆ ಕಳಿಸಿದ್ದರೆ ಸಿಟಿ ಪುಟದಲ್ಲಿ ಜಾಗ ಖಂಡಿತ. 'ವಸತಿ ಕಟ್ಟಡದಲ್ಲಿ ಹೆಬ್ಬಾವು!' ಹೆಡ್ಡಿಂಗ್ ಕೂಡ ಬಾಯಿಗೆ ಬಂದಿತ್ತು. ಅದನ್ನು ಓದಿದ ಬೀದಿಯ ಜನ ಮುಂದಿನ ಸಲ ಕಂಡ ಕೇರೆಹಾವಿಗೂ ಕಲ್ಲು ಹೊಡೆಯುತ್ತಾರೆ. ಕಳಿಸಲಿಲ್ಲ. ಬದಲಿಗೆ ಗೇಟಿಗೆ ಒಂದು ಚೀಟಿ ಅಂಟಿಸಿದೆವು: 'ಸಾಕಿದ ಪ್ರಾಣಿಯೊಂದು ಸಿಕ್ಕಿದೆ. ಗುರುತು ಹೇಳಿ.' ಬೆಕ್ಕು ಕಳೆದುಕೊಂಡ ಇಬ್ಬರು, ಗಿಳಿ ಕಳೆದುಕೊಂಡ ಒಬ್ಬರು ಬಂದರು. ಗಿಳಿಯವರಿಗೆ ನಮ್ಮ ಮೇಲೆ ಅನುಮಾನ ಹೋಗಲೇ ಇಲ್ಲ.

ಮಧ್ಯಾಹ್ನ ಹಿಂದಿನ ಬೀದಿಯ ಹುಡುಗನೊಬ್ಬ ಗೇಟಿನ ಹೊರಗೇ ನಿಂತಿದ್ದ. ಕಾಲೇಜು ಬ್ಯಾಗು. "ಅಣ್ಣಾ, ಬಾಲದ ಹತ್ರ ಒಂದು ಬಿಳಿ ಕಲೆ ಇದೆಯಾ?" ಇತ್ತು. ಮೇಲೆ ಬಂದು ಬಾಕ್ಸಿನ ಪಕ್ಕ ಕೂತ. ಅಪ್ಪ ಅಮ್ಮನಿಗೆ ಗೊತ್ತಿಲ್ಲ, ವಾರ್ಡ್‌ರೋಬಿನಲ್ಲಿ ಸಾಕಿದ್ದ. ಯಾರೋ ಆನ್‌ಲೈನ್‌ನಲ್ಲಿ ಪರಿಚಯವಾದವನಿಂದ ಕೊಂಡದ್ದು, ಬಿಲ್ಲಿಲ್ಲ, ಕಾಗದವಿಲ್ಲ. ನಮ್ಮ ನಾಡಿನ ಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಹೊರಗಿನದನ್ನು ತಂದಿದ್ದ. 2022ರ ತಿದ್ದುಪಡಿಯ ನಂತರ ಇಂಥವನ್ನೂ 'ಪರಿವೇಶ್' ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಎಂಬುದೂ ಗೊತ್ತಿತ್ತು. ಮಾಡಿಸಿರಲಿಲ್ಲ.

"ಕೊಟ್ಬಿಡಿ ಅಣ್ಣಾ. ಯಾರಿಗೂ ಹೇಳಲ್ಲ."

ಇಲ್ಲಿ ನಾವು ಒಂದಾಗಿರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಕೊಟ್ಟುಬಿಡೋಣ, ಅವನಷ್ಟು ಚೆನ್ನಾಗಿ ಯಾರು ನೋಡಿಕೊಳ್ಳುತ್ತಾರೆ ಅಂದ ಸಿರಸಿಯವ. ಇನ್ನೊಂದು ಚಳಿಯ ರಾತ್ರಿ ಮತ್ತೆ ತಪ್ಪಿಸಿಕೊಂಡರೆ ಸಿಗುವುದು ನಮಗಲ್ಲ, ದೊಣ್ಣೆ ಹಿಡಿದವರಿಗೆ ಅಂದ ಕುಂದಾಪುರದವ. ಹುಡುಗ ಎರಡನ್ನೂ ಕೇಳಿಸಿಕೊಂಡ. ಕೊನೆಗೆ ಅವನೇ ನೋಟ್‌ಬುಕ್‌ನಿಂದ ಹಾಳೆ ಹರಿದು ಬರೆಯತೊಡಗಿದ. ಹತ್ತು ದಿನಕ್ಕೊಂದು ಇಲಿ, ರಾತ್ರಿಯೇ ಕೊಡಬೇಕು. ಪೊರೆ ಬಿಡುವ ಮುಂಚೆ ತಿನ್ನುವುದಿಲ್ಲ. ಎಡಗಡೆಯಿಂದ ಎತ್ತಿದರೆ ಹೆದರುತ್ತದೆ.

ಸಂಜೆ ಅಣ್ಣ ಬಂದ. ಅರಣ್ಯ ಇಲಾಖೆಗೆ ಅಷ್ಟರಲ್ಲೇ ಫೋನ್ ಮಾಡಿ ತಿಳಿಸಿದ್ದ. ಹಾವನ್ನು ಬಟ್ಟೆ ಚೀಲಕ್ಕೆ ಹಾಕಿ ಗಂಟು ಕಟ್ಟಿದ. ಹುಡುಗನಿಗೆ ಬೈಯಲಿಲ್ಲ. ಹಾಳೆ ಓದಿ, ಮಡಚಿ ಜೇಬಿಗಿಟ್ಟುಕೊಂಡು, "ಅಪ್ಪನಿಗೆ ನೀನೇ ಹೇಳು. ಆಮೇಲೆ ಇಬ್ಬರೂ ನನ್ನ ಜೊತೆ ಆಫೀಸಿಗೆ ಬನ್ನಿ" ಅಂದ. ಹುಡುಗ ಚೀಲದ ಮೇಲೆ ಒಂದು ಸಲ ಕೈಯಿಟ್ಟು ತೆಗೆದ.

ಮೂರು ವಾರ ಕಳೆದ ಮೇಲೆ, ಮತ್ತೆ ಎಡಿಷನ್ ಮುಗಿಯುವ ಹೊತ್ತಿಗೇ ಅಣ್ಣನ ಫೋನ್. ಅಲ್ಲಿಯವರೆಗೂ ಹಾವು ಏನೂ ಮುಟ್ಟಿರಲಿಲ್ಲವಂತೆ.

"ಇವತ್ತು ತಿಂತು ಕಣ್ರೋ. ಆ ಹುಡುಗನಿಗೂ ಹೇಳ್ಬಿಡಿ."