ಪ್ರತಿಭಾವಂತ ಶಿಶುವೂ ತಾಯ್ತಂದೆಗಳ ಹೊಣೆಯೂ

ತಾಯ್ತಂದೆಗಳ ಕಣ್ಣಿಗೆ ಮಕ್ಕಳೆಲ್ಲರೂ ಜಾಣರೇ. ಆದರೆ ಕೆಲವು ಮನೆಗಳಲ್ಲಿ ನಿಜವಾಗಿಯೂ ಅಸಾಧಾರಣವಾದ ಬುದ್ಧಿಯುಳ್ಳ ಶಿಶುವು ಜನಿಸುವುದುಂಟು. ಅಂತಹವರನ್ನು ಲೋಕವು ಭಾಗ್ಯವಂತರೆಂದು ಹೊಗಳುವುದು. ಅವರ ಹೊಣೆಯೂ ಅಷ್ಟೇ ಗುರುತರವಾದುದೆಂಬುದನ್ನು ಮಾತ್ರ ಹೇಳಲು ಮರೆಯುವುದು.

ಕಾವ್ಯಪ್ರಕಾಶವನ್ನು ರಚಿಸಿದ ಮಮ್ಮಟನು ಕವಿತ್ವಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರೂ ಕೂಡಿಯೇ ಕಾರಣವೆನ್ನುತ್ತಾನೆ. ಶಕ್ತಿಯು ಹುಟ್ಟಿನೊಡನೆ ಬಂದುದು. ಅದನ್ನು ನಾವು ಕೊಡಲಾರೆವು. ನಿಪುಣತೆಯು ಲೋಕವನ್ನು ನೋಡುವುದರಿಂದಲೂ ಗ್ರಂಥಗಳನ್ನು ಓದುವುದರಿಂದಲೂ ಬರತಕ್ಕದ್ದು. ಅಭ್ಯಾಸವು ಬಲ್ಲವರ ಬಳಿಯಲ್ಲಿ ಕಲಿತು ಮತ್ತೆ ಮತ್ತೆ ಮಾಡುವುದರಿಂದ ಆಗತಕ್ಕದ್ದು. ಈ ಕಡೆಯ ಎರಡಕ್ಕೆ ಮಾತ್ರ ಮನೆಯವರ ನೆರವು ಬೇಕು. ಈ ವಿಭಾಗವು ಕಾವ್ಯಕ್ಕಲ್ಲದೆ ಗಣಿತಕ್ಕೂ ಸಂಗೀತಕ್ಕೂ ಸಲ್ಲುವುದೆಂದು ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದ ನನ್ನ ನಂಬಿಕೆ.

ಇಂತಹ ನೆರವಿಗೆ ನಮ್ಮ ನಾಡಿನಲ್ಲಿಯೇ ಒಂದು ಉಜ್ಜ್ವಲವಾದ ನಿದರ್ಶನವಿದೆ. 1913ರಲ್ಲಿ ಧಾರವಾಡದಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ಸ್ವತಃ ವಿದುಷಿಯರು. ಮಗಳ ಒಲವು ಹಿಂದೂಸ್ಥಾನೀ ಸಂಗೀತದ ಕಡೆಗಿರುವುದನ್ನು ಕಂಡು, ಅವಳ ಶಿಕ್ಷಣಕ್ಕಾಗಿ 1928ರಲ್ಲಿ ಸಂಸಾರವನ್ನು ಹುಬ್ಬಳ್ಳಿಗೆ ಸಾಗಿಸಿದರು. ತಮ್ಮ ಪದ್ಧತಿಯ ಛಾಯೆಯು ಮಗಳ ಗಾನದಲ್ಲಿ ಬೆರೆಯಬಾರದೆಂದು ತಾವು ಹಾಡುವುದನ್ನೇ ನಿಲ್ಲಿಸಿದರು. ತನ್ನ ವಿದ್ಯೆಯನ್ನು ಮಕ್ಕಳ ಮೇಲೆ ಹೇರುವವರು ಬಹುಮಂದಿ. ಮಕ್ಕಳ ವಿದ್ಯೆಗಾಗಿ ತನ್ನದನ್ನು ಮೌನಗೊಳಿಸಿದವರು ಎಷ್ಟು ಮಂದಿ?

ಇದಕ್ಕೆ ಪ್ರತಿಯಾದ ಕಥೆಯು ಇಂಗ್ಲೆಂಡಿನದು. 1806ರಲ್ಲಿ ಹುಟ್ಟಿದ ಜಾನ್ ಸ್ಟುಅರ್ಟ್ ಮಿಲ್ಲನಿಗೆ ಅವನ ತಂದೆಯು ಮೂರನೆಯ ವರ್ಷದಲ್ಲಿ ಗ್ರೀಕ್ ಭಾಷೆಯನ್ನೂ ಎಂಟನೆಯ ವರ್ಷದಲ್ಲಿ ಲ್ಯಾಟಿನ್ ಭಾಷೆಯನ್ನೂ ಕಲಿಸಲಾರಂಭಿಸಿದನು. ಓರಗೆಯ ಬಾಲಕರ ಸಹವಾಸವನ್ನು ತಪ್ಪಿಸಿದನು. ಹುಡುಗನು ಮಹಾಪಂಡಿತನಾದನು, ನಿಜ. ಆದರೆ 1826ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಯಾವುದರಲ್ಲಿಯೂ ಸಂತೋಷವೇ ಹುಟ್ಟದಂತಹ ವಿಷಾದವು ಅವನನ್ನು ಕವಿಯಿತು. ಬುದ್ಧಿಯನ್ನು ಬೆಳೆಸಿ ಭಾವವನ್ನು ಒಣಗಿಸಿದ ಶಿಕ್ಷಣದ ಫಲವಿದೆಂದು ಅವನೇ ಆತ್ಮಚರಿತ್ರೆಯಲ್ಲಿ ವಿವರಿಸಿದ್ದಾನೆ. ಕಾವ್ಯಪಠನವು ಅವನಿಗೆ ಔಷಧವಾಯಿತು.

ಈ ಎರಡು ಕಥೆಗಳನ್ನೂ ಈಚೆಗೆ ನನ್ನ ಮಗನಿಗೆ ಹೇಳಬೇಕಾಯಿತು. ಎಂಟು ವರ್ಷದ ನನ್ನ ಮೊಮ್ಮಗಳು ತನಗಿಂತ ಮೂರು ತರಗತಿ ಮೇಲಿನ ಲೆಕ್ಕಗಳನ್ನು ಆಟದಂತೆ ಬಿಡಿಸುತ್ತಾಳೆ. ಮನೆಗೆ ಯಾರು ಬಂದರೂ ಅವಳನ್ನು ಕರೆದು ಲೆಕ್ಕ ಹೇಳಿಸುವುದು ರೂಢಿಯಾಗಿತ್ತು. ಬರಬರುತ್ತಾ ಬಾಗಿಲ ಸದ್ದು ಕೇಳಿದೊಡನೆ ಮಗುವು ಹಿತ್ತಲಿಗೆ ಓಡತೊಡಗಿತು. ತಪ್ಪಾದೀತೆಂಬ ಭಯದಿಂದ ಹೊಸ ಲೆಕ್ಕಗಳನ್ನು ಮುಟ್ಟದಾಯಿತು. “ಈಗಲೇ ಮುಂದೆ ತಳ್ಳದಿದ್ದರೆ ಕಾಲ ಮಿಂಚಿಹೋದೀತಲ್ಲ, ಅಪ್ಪಾ” ಎಂದನು ಮಗ. “ಲೆಕ್ಕ ತಪ್ಪಿದರೆ ನಾಳೆ ತಿದ್ದಬಹುದು, ಲೆಕ್ಕದ ಮೇಲಿನ ಪ್ರೀತಿಯೇ ಹೋದರೆ ಎಲ್ಲಿಂದ ತರುತ್ತೀಯೆ, ಮಗೂ?” ಎಂದೆನು. ಅವನು ಉತ್ತರ ಕೊಡಲಿಲ್ಲ; ಆದರೆ ಅಂದಿನಿಂದ ಅತಿಥಿಗಳ ಮುಂದೆ ಅವಳನ್ನು ಕರೆದಿಲ್ಲ.

ಆದಕಾರಣ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮಗುವಿನ ಪ್ರಶ್ನೆಗೆ ಬೇಸರಪಡಬೇಡಿರಿ. ತಿಳಿಯದಿದ್ದರೆ ಜೊತೆಯಲ್ಲಿ ಕುಳಿತು ಪುಸ್ತಕದಲ್ಲಿ ಹುಡುಕಿರಿ. “ನೀನು ಜಾಣೆ” ಎಂಬುದಕ್ಕಿಂತ “ಬಿಡದೆ ಪ್ರಯತ್ನಿಸಿದೆ” ಎಂಬುದು ಮೇಲಾದ ಹೊಗಳಿಕೆ. ನಿಮಗೆ ಮೀರಿದ ವಿದ್ಯೆಯಾದರೆ ತಕ್ಕ ಗುರುವನ್ನು ಅರಸಿರಿ. ಓರಗೆಯವರೊಡನೆ ಆಡಗೊಡಿರಿ. ಒಡಹುಟ್ಟಿದವರನ್ನು ಅದರೊಡನೆ ಹೋಲಿಸಿ ನೋಯಿಸಬೇಡಿರಿ. ಪ್ರತಿಭೆಯುಳ್ಳ ಮಗುವೂ ಮೊದಲು ಮಗುವೇ; ಹಸಿವು, ನಿದ್ರೆ, ಆಟ, ತಾಯಿಯ ಮಡಿಲು ಅದಕ್ಕೂ ಬೇಕು.