ಚದುರಂಗದಲ್ಲಿ ಹಿರಿಯರು ಯಾರು?

ಬಸವಕಲ್ಯಾಣದ ಪೇಟೆಯಲ್ಲಿ ಒಂದೇ ಆಟಕ್ಕೆ ಮೂರು ಹೆಸರುಗಳುಂಟು. ಕನ್ನಡದ ಮನೆಗಳಲ್ಲಿ ಅದು ಚದುರಂಗ. ಮರಾಠಿ ಮನೆಗಳಲ್ಲಿ ಬುದ್ಧಿಬಳ. ಉರ್ದು ಮಾತಿನ ಮನೆಗಳಲ್ಲಿ ಶತರಂಜ. ಹೆಸರು ಯಾವುದಾದರೂ ಮಣೆಯ ಮನೆಗಳು ಅರವತ್ತನಾಲ್ಕೇ. ಆಟ ಬಲ್ಲವರು ನಾಲ್ವರು ಕೂಡಿದಲ್ಲಿ ಏಳುವ ಪ್ರಶ್ನೆಯೂ ಒಂದೇ: ಇದುವರೆಗೆ ಈ ಆಟವನ್ನಾಡಿದವರೆಲ್ಲರಲ್ಲಿ ಹಿರಿಯರು ಯಾರು? ಮೇಲುನೋಟಕ್ಕೆ ಇದು ಹೊತ್ತು ಕಳೆಯುವ ಹರಟೆಯಂತೆ ತೋರುವದು. ಆದರೂ ಉತ್ತರ ಹೇಳುವವನು ಯಾವುದನ್ನು ಹಿರಿಮೆಯೆಂದು ಬಗೆದಿರುವನೆಂಬುದು ಆ ಉತ್ತರದಲ್ಲಿ ಹೊರಬೀಳದೆ ಇರದು.

ಈ ಪ್ರಶ್ನೆಯನ್ನು ಹಿಡಿದು ಇಬ್ಬರು ಗೆಳೆಯರು ಅನೇಕ ವರ್ಷಗಳಿಂದ ವಾದಿಸುತ್ತ ಬಂದಿರುವರು. ಒಬ್ಬರು ಬಸವಕಲ್ಯಾಣದಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರು. ಇನ್ನೊಬ್ಬರು ಹುಮನಾಬಾದಿನ ವಕೀಲರು. ಬಾಲ್ಯದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಕಲ್ಯಾಣದಲ್ಲಿಯೇ ಓದಿದವರು. ಆದಿತ್ಯವಾರ ಬಂತೆಂದರೆ ವಕೀಲರು ಬಸ್ಸು ಹಿಡಿದು ಬರುವರು. ಮಾಸ್ತರರ ಪಡಸಾಲೆಯಲ್ಲಿ ಮಣೆ ಬಿಚ್ಚುವದು. ಚಹ ಎರಡು ಸಲ ಬರುವದು. ಒಂದು ಆಟ ಮುಗಿದು ಇನ್ನೊಂದಕ್ಕೆ ಕಾಯಿ ಹೂಡುವಷ್ಟರಲ್ಲಿ ಹಳೆಯ ವಾದವು ಹೊಸದಾಗಿ ತಲೆಯೆತ್ತುವದು.

ವಕೀಲರು ಅಂಕಿಗಳ ಪಕ್ಷದವರು. ಅಮೇರಿಕದಲ್ಲಿ ನೆಲೆಸಿದ ಹಂಗೇರಿ ಮೂಲದ ಭೌತಶಾಸ್ತ್ರಜ್ಞ ಅರ್ಪಾದ್ ಈಲೋ ಎಂಬವರು ಆಟಗಾರರ ಬಲವನ್ನು ಅಳೆಯುವ ಒಂದು ಕ್ರಮವನ್ನು ರೂಪಿಸಿದರು. ಅಂತರರಾಷ್ಟ್ರೀಯ ಚದುರಂಗ ಸಂಘವು ೧೯೭೦ರಲ್ಲಿ ಅದನ್ನು ಸ್ವೀಕರಿಸಿತು. ಅದರ ತಿರುಳು ಇಷ್ಟೇ: ಬಲವಾದ ಎದುರಾಳಿಯನ್ನು ಗೆದ್ದರೆ ಅಂಕ ಹೆಚ್ಚಾಗಿ ಏರುವದು, ದುರ್ಬಲನನ್ನು ಗೆದ್ದರೆ ಏರಿಕೆಯು ಅಲ್ಪ. ಇಬ್ಬರ ನಡುವೆ ೨೦೦ ಅಂಕಗಳ ಅಂತರವಿದ್ದರೆ, ಮೇಲಿನವನು ನೂರು ಆಟಗಳಲ್ಲಿ ಸುಮಾರು ೭೬ ಗುಣಗಳನ್ನು ಪಡೆಯಬೇಕೆಂಬುದು ಲೆಕ್ಕ. ಈ ಲೆಕ್ಕದಲ್ಲಿ ಬಾಬಿ ಫಿಶರನು ಏರಿದ್ದು ೨೭೮೫ರವರೆಗೆ. ಕಾಸ್ಪರೋವನು ೧೯೯೯ರಲ್ಲಿ ೨೮೫೧ರವರೆಗೆ. ನಾರ್ವೆಯ ಕಾರ್ಲ್‌ಸನ್ನನು ೨೦೧೪ರಲ್ಲಿ ೨೮೮೨ರವರೆಗೆ. "ಇನ್ನೇನು ಉಳಿಯಿತು, ಮಾಸ್ತರೇ? ತೀರ್ಪು ಆಗಿಹೋಯಿತು" ಎಂದು ವಕೀಲರು ಕೈ ಝಾಡಿಸುವರು.

ಮಾಸ್ತರರು ಒಪ್ಪುವವರಲ್ಲ. ಈ ಅಂಕಗಳು ಒಂದೇ ಕಾಲದಲ್ಲಿ ಆಡಿದವರನ್ನು ತಮ್ಮತಮ್ಮೊಳಗೆ ತೂಗುವವೇ ಹೊರತು, ೧೯೭೨ರವನನ್ನು ೨೦೧೪ರವನೊಡನೆ ಒಂದೇ ತಕ್ಕಡಿಯಲ್ಲಿ ಇಡಲಾರವೆಂದು ಅವರ ವಾದ. ಹಿಂದೆ ಬಂದವನು ಮುಂದಿನವರ ಆಟಗಳನ್ನೆಲ್ಲ ಓದಿಕೊಂಡು ಕೂಡ್ರುವನು. ಮುಂದಿನವನಾದರೋ ಕತ್ತಲೆಯಲ್ಲಿ ದಾರಿ ತುಳಿದವನು. ಲಾಸ್ಕರನು ೧೮೯೪ರಿಂದ ೧೯೨೧ರ ವರೆಗೆ ಇಪ್ಪತ್ತೇಳು ವರ್ಷ ಜಗಜ್ಜೇತನಾಗಿದ್ದನು. ಅಷ್ಟು ದೀರ್ಘಕಾಲ ಆ ಪದವಿಯಲ್ಲಿ ಬೇರಾರೂ ನಿಂತಿಲ್ಲ. ಕ್ಯೂಬಾದ ಕಾಪಾಬ್ಲಾಂಕನು ೧೯೧೬ರಿಂದ ೧೯೨೪ರ ವರೆಗೆ ಎಂಟು ವರ್ಷ ಸ್ಪರ್ಧೆಯಲ್ಲಿ ಒಂದು ಆಟವನ್ನೂ ಸೋಲಲಿಲ್ಲ. ಫಿಶರನು ೧೯೭೧ರಲ್ಲಿ ತೈಮಾನೋವ್ ಮತ್ತು ಲಾರ್ಸೆನ್ ಎಂಬ ಇಬ್ಬರು ಪ್ರಬಲರನ್ನು ಆರಕ್ಕೆ ಸೊನ್ನೆ, ಮತ್ತೆ ಆರಕ್ಕೆ ಸೊನ್ನೆಯಾಗಿ ಸೋಲಿಸಿದನು. ತಮ್ಮ ಕಾಲದವರಿಗಿಂತ ಎಷ್ಟು ದೂರ ಮುಂದೆ ನಡೆದರೆಂಬುದೇ ಅಳತೆಯಾದರೆ, ಈ ಮೂವರಲ್ಲಿ ಯಾರನ್ನು ಬಿಡುವದು?

ವಕೀಲರು ಪಟ್ಟು ಸಡಿಲಿಸದೆ, "ಯಾರು ಚೆನ್ನಾಗಿ ನಡೆಸಿದರೋ ಅವರೇ ದೊಡ್ಡವರು, ನಡೆಗಳ ಶುದ್ಧತೆಯನ್ನು ಈಗ ಯಂತ್ರವೇ ಪರೀಕ್ಷಿಸಿ ಹೇಳುವದಲ್ಲವೆ?" ಎಂದರು. ಈ ಮಾತು ಅವರಿಗೇ ತಿರುಗಿ ಬಂದಿತು. ೧೯೯೭ರಲ್ಲಿ ಡೀಪ್ ಬ್ಲೂ ಎಂಬ ಗಣಕಯಂತ್ರವು ಕಾಸ್ಪರೋವನನ್ನು ಸೋಲಿಸಿದ್ದನ್ನು ಲೋಕವೆಲ್ಲ ಬಲ್ಲದು. ಈಗ ಕಿಸೆಯೊಳಗಿನ ಫೋನು ಸಹ ಯಾವ ಜಗಜ್ಜೇತನನ್ನಾದರೂ ಸೋಲಿಸಬಲ್ಲದು. ನಡೆಯ ಶುದ್ಧತೆಯೊಂದೇ ಹಿರಿಮೆಯಾದರೆ ಆ ಪೀಠದಲ್ಲಿ ಮನುಷ್ಯನಿಗೆ ಸ್ಥಳವೇ ಇಲ್ಲ. ಹಾಗಿದ್ದೂ ಕಾರ್ಲ್‌ಸನ್ನನ ಆಟವನ್ನು ನೋಡಲು ಜನರು ನೆರೆಯುವರು. ಎರಡು ಫೋನುಗಳ ಆಟಕ್ಕೆ ಯಾರು ನೆರೆಯುವರು? ತಪ್ಪಬಲ್ಲವನು ತಪ್ಪದೆ ನಡೆಯುವದರಲ್ಲಿಯೇ ಜನರಿಗೆ ಸ್ವಾರಸ್ಯವೆಂದಾಯಿತು.

ಹೀಗೆ ವಾದವು ನಗೆಯಲ್ಲಿ ಮುಗಿಯುತ್ತಿತ್ತು. ಆದರೆ ಒಮ್ಮೆ ಊರಿನ ಮಕ್ಕಳ ಚದುರಂಗ ಸ್ಪರ್ಧೆಯ ಬಹುಮಾನ ಸಮಾರಂಭದಲ್ಲಿ ಭಾಷಣಕಾರರೊಬ್ಬರು, "ಜಗತ್ತಿನ ಶ್ರೇಷ್ಠ ಚದುರಂಗಪಟುವು ನಮ್ಮ ಕಲ್ಯಾಣದವನೇ, ಅವನು ಮೂರನೆಯ ಸೋಮೇಶ್ವರ ಚಕ್ರವರ್ತಿ" ಎಂದು ಘೋಷಿಸಿಬಿಟ್ಟರು. ಸಭೆಯು ಚಪ್ಪಾಳೆ ತಟ್ಟಿತು. ಮಾಸ್ತರರು ಮಾತ್ರ ತಟ್ಟಲಿಲ್ಲ. ಸೋಮೇಶ್ವರನ ಮೇಲೆ ಅವರಿಗೆ ಗೌರವವಿಲ್ಲವೆಂದಲ್ಲ. ಆರನೆಯ ವಿಕ್ರಮಾದಿತ್ಯನ ಮಗನಾದ ಅವನು ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಿಂದ ಆಳುತ್ತ, ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವೆಂಬ ನೂರು ಅಧ್ಯಾಯಗಳ ಮಹಾಗ್ರಂಥವನ್ನು ರಚಿಸಿದನು. ರಾಜ್ಯಭಾರದಿಂದ ಅಡುಗೆಯವರೆಗೆ ಅದರಲ್ಲಿಲ್ಲದ ವಿಷಯವಿಲ್ಲ. ಅದರ ಕೊನೆಯ ಭಾಗದಲ್ಲಿ, ಕ್ರೀಡೆಗಳ ನಡುವೆ, ಅರವತ್ತಕ್ಕೂ ಹೆಚ್ಚು ಶ್ಲೋಕಗಳಲ್ಲಿ ಚದುರಂಗದ ವಿವರಣೆಯಿರುವದು. ಭಾರತದ ಚದುರಂಗವನ್ನು ಇಷ್ಟು ವಿಸ್ತಾರವಾಗಿ ಹೇಳುವ ಹಳೆಯ ಗ್ರಂಥಗಳು ವಿರಳ. ಆದರೆ ಆಟದ ಶಾಸ್ತ್ರವನ್ನು ಬರೆದವನು ಆಟದಲ್ಲಿ ಹಿರಿಯನೆಂದು ಹೇಗೆ ಹೇಳುವದು? ಅವನು ಆಡಿದ ಒಂದು ಆಟವಾದರೂ ಬರವಣಿಗೆಯಲ್ಲಿ ಉಳಿದಿಲ್ಲ. "ಮೇಲಾಗಿ, ಚಕ್ರವರ್ತಿಯ ಎದುರು ಕುಳಿತು ಅವನಿಗೆ ಮಾತ್ ಕೊಡುವ ಧೈರ್ಯ ಯಾರಿಗಿತ್ತು?" ಎಂದು ಮಾಸ್ತರರು ಮನೆಗೆ ಬಂದಮೇಲೆ ಕೇಳಿದರು. ಇಲ್ಲದ ಕೀರ್ತಿಯನ್ನು ಊರಿಗೆ ತೊಡಿಸಿದರೆ ಇದ್ದ ಕೀರ್ತಿಗೂ ಸಂಶಯ ತಗಲುವದೆಂದು ಅವರ ಅಭಿಪ್ರಾಯ.

ಆ ದಿನ ಮಾತು ಅಲ್ಲಿಗೇ ನಿಂತಿದ್ದರೆ ಒಳಿತಿತ್ತು. ಆದರೆ ಮಾಸ್ತರರ ಬಾಯಿಂದ ಇನ್ನೊಂದು ಮಾತು ಹೊರಟಿತು: ಕಲ್ಯಾಣದ ಹಿರಿಯ ಆಟಗಾರನನ್ನು ಹೇಳಬೇಕಾದರೆ ತಾವು ಕೋಟೆಯ ಬಳಿಯ ಆ ಮುದುಕ ದರ್ಜಿಯನ್ನು ಹೇಳುವೆವೆಂದು. ಇಬ್ಬರಿಗೂ ಆಟ ಕಲಿಸಿದವನು ಅವನೇ. ಹೊಲಿಗೆಯ ಯಂತ್ರವನ್ನು ತುಳಿಯುತ್ತಲೇ, ಮಣೆಯ ಕಡೆಗೆ ಆಗಾಗ ಕಣ್ಣು ಹಾಯಿಸಿ, ಹುಡುಗರಿಬ್ಬರನ್ನೂ ಒಟ್ಟಿಗೆ ಸೋಲಿಸುತ್ತಿದ್ದನು. ಅವನ ಆಟವು ಹಳೆಯ ಹಿಂದುಸ್ಥಾನಿ ಪದ್ಧತಿಯದು: ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗುವದು; ಕಾಲಾಳಿನಿಂದ ಕೊಟ್ಟ ಮಾತೇ ಎಲ್ಲಕ್ಕೂ ಮಾನವಾದ ಮಾತು. ಅವನನ್ನು ಸೋಲಿಸಿದವರನ್ನು ಅವರಿಬ್ಬರೂ ಕಂಡಿರಲಿಲ್ಲ.

ವಕೀಲರು ತಲೆಯಾಡಿಸಿ, "ಸೋಮೇಶ್ವರನಿಗೆ ಒಂದು ನ್ಯಾಯ, ದರ್ಜಿಗೆ ಒಂದು ನ್ಯಾಯವೆ, ಮಾಸ್ತರೇ? ದಾಖಲೆಯಿಲ್ಲದ ಹಕ್ಕು ಎಲ್ಲಿಯೂ ನಿಲ್ಲದು" ಎಂದರು. ವಾದವು ಸರಿಯಾಗಿತ್ತು, ಆಡಿದ ಹೊತ್ತು ಸರಿಯಾಗಿರಲಿಲ್ಲ. ಮಾಸ್ತರರು ಕಾಯಿಗಳನ್ನು ಡಬ್ಬಿಯಲ್ಲಿ ತುಂಬಿದರು. ಮುಂದಿನ ಎರಡು ಆದಿತ್ಯವಾರ ಪಡಸಾಲೆಯಲ್ಲಿ ಮಣೆ ಬಿಚ್ಚಲಿಲ್ಲ.

ಆ ಮೌನದ ದಿನಗಳಲ್ಲಿ ಮಾಸ್ತರರ ಮನಸ್ಸಿನಲ್ಲಿ ಸುಳಿದಾಡಿದ ಹೆಸರು ಮೀರ್ ಸುಲ್ತಾನ್ ಖಾನನದು. ಪಂಜಾಬದ ಹಳ್ಳಿಯವನಾದ ಅವನು ಹಿಂದುಸ್ಥಾನಿ ಪದ್ಧತಿಯಲ್ಲಿ ಆಟ ಕಲಿತವನು. ಸರ್ ಉಮರ್ ಹಯಾತ್ ಖಾನರ ಪರಿವಾರದವನಾಗಿ ೧೯೨೯ರಲ್ಲಿ ವಿಲಾಯತಿಗೆ ಹೋಗಿ, ಅದೇ ವರ್ಷ ಬ್ರಿಟಿಷ್ ಚಾಂಪಿಯನ್ನನಾದನು. ೧೯೩೨ ಮತ್ತು ೧೯೩೩ರಲ್ಲಿ ಮತ್ತೆ ಆದನು. ಹೇಸ್ಟಿಂಗ್ಸಿನ ೧೯೩೦-೩೧ರ ಸ್ಪರ್ಧೆಯಲ್ಲಿ ಕಾಪಾಬ್ಲಾಂಕನನ್ನೇ ಸೋಲಿಸಿದನು. ೧೯೩೩ರಲ್ಲಿ ಒಡೆಯನೊಡನೆ ಮರಳಿ ಬಂದವನು ದೊಡ್ಡ ಸ್ಪರ್ಧೆಗಳಿಂದ ಮರೆಯಾಗಿ, ೧೯೬೬ರಲ್ಲಿ ತೀರಿಕೊಂಡನು. ಅಂತರರಾಷ್ಟ್ರೀಯ ಸಂಘವು ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನಿತ್ತದ್ದು ೨೦೨೪ರಲ್ಲಿ. ಒಡೆಯನು ಹಡಗು ಹತ್ತದಿದ್ದರೆ ಸುಲ್ತಾನ್ ಖಾನನ ಹೆಸರು ಅವನ ಹಳ್ಳಿಯ ಗಡಿಯನ್ನು ದಾಟುತ್ತಿತ್ತೆ? ಕಲ್ಯಾಣದ ದರ್ಜಿಗೆ ಹಡಗು ಹತ್ತುವ ಒಡೆಯನು ಸಿಕ್ಕಲಿಲ್ಲ. ಅವನು ಸುಲ್ತಾನ್ ಖಾನನ ಸಮನಾಗಿದ್ದನೆಂದು ಇದರಿಂದ ಸಿದ್ಧವಾಗುವದಿಲ್ಲ, ಇರಲಿಲ್ಲವೆಂದೂ ಸಿದ್ಧವಾಗುವದಿಲ್ಲ.

ಮೂರನೆಯ ಆದಿತ್ಯವಾರ ವಕೀಲರು ಎಂದಿನಂತೆ ಬಂದರು. ಚಹ ತಂದ ಮಾಸ್ತರರ ಮೊಮ್ಮಗಳು ಪ್ರೌಢಶಾಲೆಯಲ್ಲಿ ಓದುವವಳು. ಜಿಲ್ಲೆಯ ಸ್ಪರ್ಧೆಗಳಲ್ಲಿ ಆಡುವವಳು. ಇಬ್ಬರೂ ಸುಮ್ಮನೆ ಕುಳಿತದ್ದನ್ನು ಕಂಡು ಅವಳು, "ವಕೀಲ ಮುತ್ಯಾ, ನಿಮ್ಮಿಬ್ಬರ ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳೂ ಯಾಕಿಲ್ಲ?" ಎಂದು ಕೇಳಿದಳು. ಹಂಗೇರಿಯ ಜೂಡಿತ್ ಪೋಲ್ಗಾರಳು ೧೯೯೧ರಲ್ಲಿ ಹದಿನೈದನೆಯ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರಳಾಗಿ ಫಿಶರನ ದಾಖಲೆಯನ್ನು ಮುರಿದದ್ದನ್ನೂ, ೨೦೦೨ರಲ್ಲಿ ಶೀಘ್ರ ಆಟವೊಂದರಲ್ಲಿ ಕಾಸ್ಪರೋವನನ್ನೇ ಸೋಲಿಸಿದ್ದನ್ನೂ, ಅದೇ ೨೦೦೨ರಲ್ಲಿ ನಮ್ಮ ಕೊನೇರು ಹಂಪಿಯು ಹದಿನೈದಕ್ಕೇ ಆ ಪದವಿಯನ್ನು ಪಡೆದದ್ದನ್ನೂ ಅವಳು ಬೆರಳು ಮಡಚಿ ಎಣಿಸಿದಳು. "ಅವರಿಗೆ ಮನೆಯಲ್ಲಿ ಮಣೆ ಹಾಕಿಕೊಟ್ಟರು, ಮುತ್ಯಾ. ಹಾಕಿಕೊಡದವರ ಮನೆಯಲ್ಲಿ ಎಷ್ಟು ಮಂದಿ ಇದ್ದರೋ!"

ವಕೀಲರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ದಾಖಲೆಯಿಲ್ಲದ ಹಕ್ಕು ನಿಲ್ಲದೆಂಬ ತಮ್ಮ ಮಾತು ಸುಳ್ಳಲ್ಲವೆಂದೂ, ದಾಖಲೆ ಯಾಕಿಲ್ಲವೆಂದು ಕೇಳುವದು ಸಹ ನ್ಯಾಯದ ಕೆಲಸವೇ ಎಂದೂ ಒಪ್ಪಿದರು. ಆಗ ಹುಡುಗಿಯು ಕೇಳಿದ್ದು ಒಂದೇ: "ದರ್ಜಿ ಮುತ್ಯಾನ ಒಂದು ಆಟವಾದರೂ ನಿಮಗೆ ನೆನಪಿದೆಯೆ?"

ಇಡೀ ಆಟವು ಇಬ್ಬರಿಗೂ ನೆನಪಿರಲಿಲ್ಲ. ಆದರೆ ಆನೆಯನ್ನು ಬೇಕೆಂದೇ ಬಿಟ್ಟುಕೊಟ್ಟು, ಎದುರಾಳಿಯ ರಾಜನನ್ನು ಮೂಲೆಗೆ ಕರೆದು, ಕಾಲಾಳಿನಿಂದ ಮಾತ್ ಕೊಟ್ಟ ಒಂದು ಮುಕ್ತಾಯವು ಇಬ್ಬರ ಕಣ್ಣಿನಲ್ಲಿಯೂ ಇತ್ತು. ಮಣೆ ಬಿಚ್ಚಿತು. ಒಬ್ಬರು ಇಟ್ಟ ಕಾಯಿಯನ್ನು ಇನ್ನೊಬ್ಬರು ಎತ್ತಿದರು. ಊಟದ ಹೊತ್ತು ಮೀರಿತು. ಹುಮನಾಬಾದಿನ ಬಸ್ಸು ಎರಡು ಹೋದವು.

ಜಗತ್ತಿನ ಪಟ್ಟಿಗಳೆಲ್ಲ ಬರೆದಿಟ್ಟ ಆಟಗಳವರ ಪಟ್ಟಿಗಳು. ಲಾಸ್ಕರ್, ಕಾಪಾಬ್ಲಾಂಕ, ಕಾಸ್ಪರೋವ್, ಕಾರ್ಲ್‌ಸನ್ ಇವರಲ್ಲಿ ಯಾರು ಹಿರಿಯರೆಂದು ವಾದಿಸಲು ಬರುವದು ಅವರ ಆಟಗಳು ನಮ್ಮ ಕೈಯಲ್ಲಿರುವದರಿಂದ. ವಾದಿಸುವದು ಉಚಿತವೂ ಹೌದು. ಆ ಪಟ್ಟಿಯ ಆಚೆಗೆ ಆಡಿಹೋದವರನ್ನು ಹಿರಿಯರೆಂದು ಸಾರುವ ಅಧಿಕಾರವು ಯಾರಿಗೂ ಇಲ್ಲ; ಕಿರಿಯರೆಂದು ಕಳೆದುಬಿಡುವ ಅಧಿಕಾರವೂ ಇಲ್ಲ. ಕೈಲಾದದ್ದನ್ನು ಬರೆದಿಡುವದೊಂದೇ ಉಳಿದ ಕೆಲಸ.

ಆ ಮುಕ್ತಾಯವು ಈಗ ಮೊಮ್ಮಗಳ ನೋಟುಪುಸ್ತಕದಲ್ಲಿರುವದು, ಕೆಳಗೆ ದರ್ಜಿಯ ಹೆಸರಿನೊಡನೆ. ಕುದುರೆಯು ಯಾವ ಮನೆಯಲ್ಲಿತ್ತೆಂಬ ವಿಷಯದಲ್ಲಿ ಮಾತ್ರ ಮಾಸ್ತರರಿಗೂ ವಕೀಲರಿಗೂ ಇನ್ನೂ ಒಮ್ಮತವಾಗಿಲ್ಲ. ಅದಕ್ಕಾಗಿ ಅವಳು ಎರಡು ಚಿತ್ರಗಳನ್ನು ಬರೆದಿಟ್ಟಿರುವಳು.