ನಾಂಪಲ್ಲಿಯ ಮಮ್ಮಿ ಮತ್ತು ಅಜ್ಜಿಯ ಎದೆಯುರಿ



ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿ ಬೆಳೆದದ್ದು ಈ ಹೈದರಾಬಾದಿನಲ್ಲೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹಿಂದಿ. ವಿಜ್ಞಾನ ಮಾತ್ರ ಪೂರ್ತಿ ಇಂಗ್ಲಿಷಿನಲ್ಲಿ. ಅದಕ್ಕೆ ನನ್ನ ತಕರಾರಿಲ್ಲ. ಕಲಿತ ಪಾಠವನ್ನು ಕನ್ನಡದಲ್ಲೂ ಒಮ್ಮೆ ಹೇಳಿಕೊಳ್ಳಿ ಎಂಬುದಷ್ಟೇ ನನ್ನ ಕೋರಿಕೆ. ಅದಕ್ಕೆ ತಕ್ಕ ಜಾಗ ನಾಂಪಲ್ಲಿಯಲ್ಲೇ ಇದೆ.

ಪಬ್ಲಿಕ್ ಗಾರ್ಡನ್ಸ್‌ನ ವಸ್ತುಸಂಗ್ರಹಾಲಯದಲ್ಲಿ ಈಜಿಪ್ಟಿನ ಮಮ್ಮಿಯೊಂದಿದೆ. ಎರಡು ಸಾವಿರ ವರ್ಷಕ್ಕೂ ಹಳೆಯದು. ನೈಶು ಎಂಬ ಹದಿಹರೆಯದ ಹುಡುಗಿಯದೆಂದು ಹೇಳುತ್ತಾರೆ. ಏಳನೆಯ ನಿಜಾಮರು 1930ರಲ್ಲಿ ಅದನ್ನು ಸಂಗ್ರಹಾಲಯಕ್ಕೆ ಕೊಟ್ಟರು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ನಾನು ಮಾತು ತೆಗೆಯುವುದು ಬಾಳಕದ ಮೆಣಸಿನಕಾಯಿಯಿಂದ! ಉಪ್ಪು ನೀರನ್ನು ಸೆಳೆಯುತ್ತದೆ. ನೀರಿಲ್ಲದ ಕಡೆ ಸೂಕ್ಷ್ಮಜೀವಿಗಳು ಬೆಳೆಯಲಾರವು, ಆದ್ದರಿಂದ ಪದಾರ್ಥ ಕೊಳೆಯದು. ಈಜಿಪ್ಟಿನವರು ಶವವನ್ನು ಸುಮಾರು 40 ದಿನ ನೇಟ್ರಾನ್ ಎಂಬ ಲವಣದಲ್ಲಿ ಹುದುಗಿಸುತ್ತಿದ್ದರು. ಅದರಲ್ಲಿ ಮುಖ್ಯವಾಗಿ ಇರುವುದು ನಮ್ಮ ವಾಷಿಂಗ್ ಸೋಡಾ, ಅಡಿಗೆ ಸೋಡಾಗಳೇ. ಸೋಡಿಯಂಗೆ ‘ಎನ್‌ಎ’ ಎಂಬ ಚಿಹ್ನೆ ಬಂದದ್ದೂ ಆ ಹೆಸರಿನ ಮೂಲದಿಂದಲೇ. ಈಗ ಮಮ್ಮಿಯನ್ನು ಇಟ್ಟಿರುವುದು ಆಮ್ಲಜನಕವಿಲ್ಲದ ಗಾಜಿನ ಪೆಟ್ಟಿಗೆಯಲ್ಲಿ.

2016ರಲ್ಲಿ ಅದಕ್ಕೆ ಕ್ಷ-ಕಿರಣ ಪರೀಕ್ಷೆಯೂ ಆಯಿತು. ರಾಂಟ್ಜೆನ್ 1895ರಲ್ಲಿ ಕಂಡ ಕಿರಣ ಏನೆಂದು ತಿಳಿಯದೆ ‘ಎಕ್ಸ್’ ಎಂದ. ನಮ್ಮವರು ಅಜ್ಞಾತಕ್ಕೆ ‘ಕ್ಷ’ ಎಂದರು. ಮೂಳೆಯಲ್ಲಿನ ಕ್ಯಾಲ್ಸಿಯಂ ಅದನ್ನು ಹೆಚ್ಚು ತಡೆಯುತ್ತದೆ, ಬಟ್ಟೆ ಮತ್ತು ಚರ್ಮ ಬಿಟ್ಟುಕೊಡುತ್ತವೆ. ಹಾಗಾಗಿ ಸುತ್ತಿದ ಬಟ್ಟೆ ಬಿಚ್ಚದೆಯೇ ಅಸ್ಥಿಪಂಜರ ಕಾಣುತ್ತದೆ.

ಅಂಗರಚನೆಯಲ್ಲಿ ಈಜಿಪ್ಟಿನವರ ಲೆಕ್ಕವೇ ಬೇರೆ. ಮಿದುಳನ್ನು ಮೂಗಿನಿಂದ ಎಳೆದು ಬಿಸಾಡುತ್ತಿದ್ದರು. ಬುದ್ಧಿ ಇರುವುದು ಗುಂಡಿಗೆಯಲ್ಲೆಂದು ಅದನ್ನು ಒಳಗೇ ಉಳಿಸುತ್ತಿದ್ದರು. ನಗಬೇಡಿ. ನಾವೂ ಧೈರ್ಯವಂತನಿಗೆ ‘ಎಂಟೆದೆಯ ಭಂಟ’ ಎನ್ನುತ್ತೇವಲ್ಲ!

ಈ ‘ಎದೆ’ ಎಂಬ ಪದವೇ ನಮ್ಮ ಪರಿಚಯದ ಮನೆಯೊಂದರಲ್ಲಿ ಗಾಬರಿ ಹುಟ್ಟಿಸಿತು. ಕಲಬುರಗಿಯಿಂದ ಬಂದ ಅಜ್ಜಿ ರಾತ್ರಿ ಊಟವಾದ ಮೇಲೆ “ಎದಿ ಉರೀಲಿಕ್ಕತ್ತದ” ಎಂದರು. ಕನ್ನಡ ಅರೆಬರೆ ಬರುವ ಮೊಮ್ಮಗ ಆಸ್ಪತ್ರೆಯಲ್ಲಿ ಅದನ್ನು ಹೃದಯದ ನೋವೆಂದು ಹೇಳಿದ. ಇ.ಸಿ.ಜಿ. ತೆಗೆದರು. ತೆಗೆದದ್ದು ಸರಿಯೇ, ಹೃದಯಾಘಾತವೂ ಕೆಲವೊಮ್ಮೆ ಉರಿಯ ವೇಷದಲ್ಲಿ ಬರುತ್ತದೆ. ಆದರೆ “ಯಾವಾಗಿನಿಂದ, ಉಂಡ ಮೇಲೋ, ಮಲಗಿದಾಗಲೋ, ಹುಳಿತೇಗು ಉಂಟೋ?” ಎಂಬ ವೈದ್ಯರ ಪ್ರಶ್ನೆಗಳು ಅಜ್ಜಿಗೆ ತಲುಪಲೇ ಇಲ್ಲ. ಬೆಳಗಾಗುವ ತನಕ ಆಕೆ ಸುಮ್ಮನೆ ಹೆದರಿ ಕೂತಿದ್ದರು.

ಕೊನೆಗೆ ತಿಳಿದದ್ದು ಇಷ್ಟು: ಜಠರದ ಹೈಡ್ರೋಕ್ಲೋರಿಕ್ ಆಮ್ಲ ಮೇಲೇರಿ ಅನ್ನನಾಳವನ್ನು ಸುಡುತ್ತಿತ್ತು. ಅನ್ನನಾಳ ಹೃದಯದ ಹಿಂದೆಯೇ ಹಾದುಹೋಗುವುದರಿಂದ ಉರಿ ಎದೆಯಲ್ಲೇ. ಆಮ್ಲಕ್ಕೆ ಪ್ರತ್ಯಾಮ್ಲ ಎಂಬುದು ಆ ಹುಡುಗನಿಗೆ ಎಂಟನೆಯ ತರಗತಿಯಲ್ಲೇ ಬಾಯಿಪಾಠವಾಗಿತ್ತು, ಆದರೆ ಇಂಗ್ಲಿಷಿನಲ್ಲಿ.

ಈಗ ಅವನು ಅಜ್ಜಿಯಿಂದ ಪದಗಳನ್ನು ಬರೆದುಕೊಳ್ಳುತ್ತಾನೆ: ಪಕ್ಕೆಲುಬು, ಕರುಳು, ಮೀನಖಂಡ. ಮೊನ್ನೆ “ಬಟ್ಟಿ ಜಾರೋದು ಅಂದ್ರೆ ಯಾವ ಅಂಗ, ಅಂಕಲ್?” ಎಂದು ಕೇಳಿದ. ಅದು ಯಾವ ಅಂಗರಚನಾ ಪುಸ್ತಕದಲ್ಲೂ ಸಿಗದು, ಅಜ್ಜಿಯನ್ನೇ ಕೇಳು ಎಂದೆ.